ಅಂಗನವಾಡಿಗೆ ಬಂದ ಮುಖ ಗುರುತಿನ ಆ್ಯಪ್



ಕೃತಕ ಬುದ್ಧಿಮತ್ತೆ ಅಂದ್ರೆ ಬೆಂಗಳೂರಿನ ಕಂಪ್ಯೂಟರ್ ಆಫೀಸಿನ ಮಾತು ಎಂದು ಹಲವರ ಎಣಿಕೆ. ಅದು ನಮ್ಮ ಅಂಗನವಾಡಿಗೇ ಬಂದಾಯ್ತು. ಪೋಷಣ್ ಟ್ರ್ಯಾಕರ್ ಆ್ಯಪ್ 2021ರಲ್ಲಿ ಶುರುವಾಯಿತು. ಗರ್ಭಿಣಿ, ಬಾಣಂತಿ ಹಾಗೂ 6 ತಿಂಗಳಿಂದ 3 ವರ್ಷದ ಮಕ್ಕಳ ಮನೆಗೆ ಕೊಡುವ ಆಹಾರಕ್ಕೆ 2025ರ ಜುಲೈ 1ರಿಂದ ಅದರಲ್ಲಿ ಮುಖ ಗುರುತು ಕಡ್ಡಾಯವಾಯಿತು.

ಮೊದಲು ಒಂದು ಸಲ ಆಧಾರ್ ನಂಬರ್, ಓಟಿಪಿ ಹಾಕಿ ಕೆವೈಸಿ ಆಗಬೇಕು. ಆಮೇಲೆ ಆಹಾರ ಕೊಡುವಾಗ ಟೀಚರ್ ಫೋಟೋ ತೆಗೀತಾರೆ. ಯಂತ್ರವು ಮುಖದ ಲಕ್ಷಣಗಳನ್ನು ಅಂಕಿಗಳಾಗಿ ಮಾಡಿ ಹಳೆಯ ಫೋಟೋಗೆ ಹೋಲಿಸುತ್ತದೆ. ಅದು ಅಂದಾಜು ಅಷ್ಟೆ. ಬೆಳಕು ಕಮ್ಮಿಯಿದ್ದರೆ, ಆಧಾರ್ ಫೋಟೋ ಮದುವೆಗೆ ಮುಂಚಿನದಾದರೆ 'ಇವಳು ಅವಳಲ್ಲ' ಅಂದುಬಿಡಬಹುದು. ದಿನಾ ನೋಡುವ ಟೀಚರಿಗೆ ಅವಳು ಯಾರೆಂದು ಚೆನ್ನಾಗಿ ಗೊತ್ತು. ಯಂತ್ರ ಅವರನ್ನು ಕೇಳುವುದಿಲ್ಲ, ಬೈಗುಳ ಮಾತ್ರ ಅವರಿಗೇ! ಇದು ನ್ಯಾಯವಲ್ಲ.

ಹಿರೇಹಳ್ಳಿಯಂಥ ಊರಲ್ಲಿ ಇನ್ನೊಂದು ತೊಡಕು. ಆಧಾರ್‌ಗೆ ಸೇರಿಸಿದ ನಂಬರ್ ಗಂಡನದಾದರೆ, ಫೋನು ಅವನ ಜೇಬಿನಲ್ಲಿ ಕೈಗಾರಿಕಾ ಪ್ರದೇಶದ ಪಾಳಿಗೆ ಹೋಗಿರುತ್ತದೆ. ಓಟಿಪಿ ಅಲ್ಲಿ, ತಾಯಿ ಇಲ್ಲಿ.

ಆದ್ದರಿಂದ ಟೀಚರನ್ನು ಸಂಘದ ಸಭೆಗೆ ಕರೆಯೋಣ. ಯಾರ ಕೆವೈಸಿ ಬಾಕಿ ಎಂದು ಕೇಳಿ, ಫೋನ್ ಮನೆಯಲ್ಲಿರುವ ಹೊತ್ತು ಗೊತ್ತುಮಾಡೋಣ. ಫೋಟೋ ಬೆಳಕಿನಲ್ಲಿ ಆಗಲಿ. ಮೊಬೈಲ್ ಬಲ್ಲ ಹುಡುಗಿಯರು ವಯಸ್ಸಾದ ಟೀಚರ ಪಕ್ಕ ಒಂದೆರಡು ದಿನ ಕೂತರೆ ಅವರ ಅರ್ಧ ಭಯ ಹೋಗುತ್ತೆ. ಮುಖ ಹೊಂದದೆ ಆಹಾರ ತಪ್ಪಿದವರ ಹೆಸರು, ತಾರೀಖು ಬರೆದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಕೊಡೋಣ. ಓಟಿಪಿಯನ್ನು ಟೀಚರ ಎದುರಿಗೇ ಹೇಳಿ. ಫೋನ್ ಮಾಡಿ ಕೇಳಿದವರಿಗೆ ಬೇಡವೇ ಬೇಡ.