ಆದೇಶದಿಂದ ಕೌಂಟರ್‌ವರೆಗೆ

ವಿಧಾನಸೌಧದಲ್ಲಿ ಒಂದು ಆದೇಶಕ್ಕೆ ಸಹಿ ಬೀಳುತ್ತದೆ. ಪಾವಗಡದ ಅಥವಾ ಸಿಂಧನೂರಿನ ರೈತನಿಗೆ ಅದರ ಫಲ ಸಿಗುವ ಹೊತ್ತಿಗೆ ಅದು ಎಷ್ಟು ಮೇಜು ದಾಟಿರುತ್ತದೆ? ಯಾರ ಷರಾಕ್ಕೆ ಕಾದಿರುತ್ತದೆ, ಯಾವ ಮೇಜಿನ ಮೇಲೆ ಮೂರು ತಿಂಗಳು ಮಲಗಿರುತ್ತದೆ? ಇಂಥ ಪ್ರಶ್ನೆಗಳನ್ನೇ ಎರಡು ವರ್ಷ ಓದಿಸುವ ಸ್ನಾತಕೋತ್ತರ ಪದವಿಯೊಂದಿದೆ: ಸಾರ್ವಜನಿಕ ನೀತಿ. ಹದಿನೈದು ವರ್ಷಗಳ ಹಿಂದೆ ನಮ್ಮಲ್ಲಿ ಇದರ ಹೆಸರು ಕೇಳಿದವರು ಕಡಿಮೆ. ಈಗ ಎಂಜಿನಿಯರಿಂಗ್ ಮುಗಿಸಿದವರು, ವಕೀಲಿ ಓದಿದವರು, ಎನ್‌ಜಿಒಗಳಲ್ಲಿ ನಾಲ್ಕಾರು ವರ್ಷ ದುಡಿದವರು ಇದನ್ನು ಹುಡುಕಿಕೊಂಡು ಬರುತ್ತಿದ್ದಾರೆ.

ಬರುವವರಲ್ಲಿ ಬಹಳ ಮಂದಿಗೆ ಬೆಂಗಳೂರೇ ವಿಳಾಸ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ 2000ರಲ್ಲಿ ಸಾರ್ವಜನಿಕ ನೀತಿ ಕೇಂದ್ರ ಆರಂಭವಾಯಿತು. ಅದಾಗಿ ಎರಡು ವರ್ಷಕ್ಕೆ, ಸೇವೆಯಲ್ಲಿರುವ ಅಧಿಕಾರಿಗಳಿಗೆಂದೇ ಅಲ್ಲಿ ಕೋರ್ಸ್ ತೆರೆಯಿತು. ಅದರ ಒಂದು ಭಾಗವನ್ನು ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ಶಾಲೆಯಲ್ಲಿ ಓದುವ ವ್ಯವಸ್ಥೆಯೂ ಇತ್ತು. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ 2014ರಲ್ಲಿ ಈ ಪದವಿ ಆರಂಭಿಸಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ನೀತಿ ಮತ್ತು ಆಡಳಿತದ ಓದಿದೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಅಂತೂ ಇದಕ್ಕೆಲ್ಲ ಮೊದಲೇ ರಾಜ್ಯದ ಅರ್ಥವ್ಯವಸ್ಥೆಯ ಅಧ್ಯಯನ ಆರಂಭಿಸಿತ್ತು.

ಪಠ್ಯಕ್ರಮದ ಚೌಕಟ್ಟು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಮೊದಲ ವರ್ಷ ಅರ್ಥಶಾಸ್ತ್ರ, ಅಂಕಿಸಂಖ್ಯೆ, ಸಂವಿಧಾನ ಮತ್ತು ಕಾನೂನು, ಸರ್ಕಾರದ ಹಣಕಾಸು. ಆಮೇಲೆ ನೀತಿ ವಿಶ್ಲೇಷಣೆ, ಅನುಷ್ಠಾನ, ಮೌಲ್ಯಮಾಪನ. ಕೊನೆಯಲ್ಲಿ ಒಂದು ಇಲಾಖೆಯದೋ ಸಂಸ್ಥೆಯದೋ ನಿಜವಾದ ಸಮಸ್ಯೆ ಹಿಡಿದು ವರದಿ ಬರೆಯುವ ಕೆಲಸ. ಮಂತ್ರಿಗೋ ಕಾರ್ಯದರ್ಶಿಗೋ ಎರಡೇ ಪುಟದಲ್ಲಿ ಸಮಸ್ಯೆ, ದಾರಿಗಳು, ಖರ್ಚು, ಶಿಫಾರಸು ಎಲ್ಲವನ್ನೂ ಹೇಳುವ ಟಿಪ್ಪಣಿ ಬರೆಯುವುದನ್ನೂ ಕಲಿಸುತ್ತಾರೆ. ಇಪ್ಪತ್ತು ಪುಟ ಬರೆಯಬಲ್ಲವರಿಗೂ ಆ ಎರಡು ಪುಟ ಬೆವರಿಳಿಸುತ್ತದೆ.

ಓಕ್‌ಲ್ಯಾಂಡಿನ ಲೆಕ್ಕ

ಈ ಓದು ಬೆಳೆದದ್ದು ಅಮೆರಿಕದಲ್ಲಿ. ಮುಂದೆ ಅಧ್ಯಕ್ಷರಾದ ವುಡ್ರೊ ವಿಲ್ಸನ್ ಇನ್ನೂ ಅಧ್ಯಾಪಕರಾಗಿದ್ದಾಗ, 1887ರಲ್ಲಿ, ಆಡಳಿತವೂ ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕಾದ ವಿಷಯ ಎಂದು ಲೇಖನ ಬರೆದರು. 1924ರಲ್ಲಿ ಮ್ಯಾಕ್ಸ್‌ವೆಲ್ ಶಾಲೆ ಹುಟ್ಟಿತು, 1936ರಲ್ಲಿ ಹಾರ್ವರ್ಡಿನದು. ಆಗೆಲ್ಲ ಕಲಿಸುತ್ತಿದ್ದುದು ಆಡಳಿತವನ್ನು: ಬಜೆಟ್, ಸಿಬ್ಬಂದಿ, ಕಚೇರಿ ನಡೆಸುವ ಕ್ರಮ. ಅರವತ್ತರ ದಶಕದಲ್ಲಿ ಗಾಳಿ ಬದಲಾಯಿತು. ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ ಪೆಂಟಗನ್‌ನಲ್ಲಿ ಪ್ರತಿ ಯೋಜನೆಯ ಖರ್ಚು ಮತ್ತು ಫಲವನ್ನು ತೂಗಿ ನೋಡುವ ಪದ್ಧತಿ ತಂದರು. 1965ರಲ್ಲಿ ಅಧ್ಯಕ್ಷ ಜಾನ್ಸನ್ ಅದನ್ನು ಇತರ ಇಲಾಖೆಗಳಿಗೂ ವಿಸ್ತರಿಸಿದರು. ಲೆಕ್ಕ ಬಲ್ಲ ವಿಶ್ಲೇಷಕರು ಬೇಕಾದರು, ಅವರನ್ನು ತಯಾರು ಮಾಡುವ ಶಾಲೆಗಳು ಬಂದವು. 1969ರಲ್ಲಿ ಬರ್ಕ್ಲಿಯಲ್ಲಿ ಅಂಥದ್ದೊಂದು ಶಾಲೆ ಕಟ್ಟಿದವರು ಏರನ್ ವಿಲ್ಡವ್ಸ್ಕಿ.

ಲೆಕ್ಕ ಎಷ್ಟೇ ಸರಿಯಿದ್ದರೂ ಕೆಲಸ ಕೆಡಬಹುದು ಎಂದು ತೋರಿಸಿಕೊಟ್ಟವರೂ ಅವರೇ. ಬರ್ಕ್ಲಿಯ ಪಕ್ಕದ ಊರು ಓಕ್‌ಲ್ಯಾಂಡ್. ಅಲ್ಲಿನ ನಿರುದ್ಯೋಗಿಗಳಿಗೆ, ಮುಖ್ಯವಾಗಿ ಕಪ್ಪು ಜನರಿಗೆ, ಸುಮಾರು 3,000 ಉದ್ಯೋಗ ಕೊಡಿಸಲೆಂದು 1966ರಲ್ಲಿ ವಾಷಿಂಗ್ಟನ್ 2.3 ಕೋಟಿ ಡಾಲರ್ ಘೋಷಿಸಿತು. ಹಣವಿತ್ತು. ವಿರೋಧಿಗಳು ಇರಲಿಲ್ಲ. ಆದರೂ ಮೂರು ವರ್ಷದಲ್ಲಿ ಖರ್ಚಾದದ್ದು ಅದರ ಸಣ್ಣದೊಂದು ಪಾಲು, ಸಿಕ್ಕ ಉದ್ಯೋಗಗಳಂತೂ ಅತ್ಯಲ್ಪ. ಜೆಫ್ರಿ ಪ್ರೆಸ್‌ಮನ್ ಜೊತೆ ಸೇರಿ ವಿಲ್ಡವ್ಸ್ಕಿ 1973ರಲ್ಲಿ ಇದರ ಕಥೆಯನ್ನು ‘ಇಂಪ್ಲಿಮೆಂಟೇಷನ್’ ಎಂಬ ಪುಸ್ತಕವಾಗಿ ಬರೆದರು. ಯೋಜನೆ ಮುಂದೆ ಸಾಗಲು 70 ಒಪ್ಪಿಗೆಗಳು ಬೇಕಿದ್ದವು. ಪ್ರತಿಯೊಂದು ಸಿಗುವ ಸಾಧ್ಯತೆ ನೂರಕ್ಕೆ 99 ಎಂದಿಟ್ಟುಕೊಂಡರೂ ಎಪ್ಪತ್ತೂ ಸಿಗುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ. ನೂರಕ್ಕೆ 80 ಎಂದಿಟ್ಟುಕೊಂಡರೆ ಸೊನ್ನೆಯೇ ಎನ್ನಬೇಕು.

ತಾಲ್ಲೂಕು ಕಚೇರಿ ಅಲೆದವರಿಗೆ ಈ ಗಣಿತವನ್ನು ಯಾರೂ ಹೇಳಿಕೊಡಬೇಕಿಲ್ಲ. ಹತ್ತೇ ಮೇಜು, ಪ್ರತಿ ಮೇಜಿನಲ್ಲೂ ಹತ್ತಕ್ಕೆ ಒಂಬತ್ತು ಸಲ ಕೆಲಸ ಆಗುತ್ತದೆ ಎನ್ನಿ; ಅರ್ಜಿ ಎಲ್ಲೂ ನಿಲ್ಲದೆ ಆಚೆ ಬರುವುದು ಮೂರರಲ್ಲಿ ಒಂದು ಸಲ. ಯಾರೂ ಕೆಟ್ಟವರಲ್ಲ, ಯಾರೂ ಲಂಚ ಕೇಳಿಲ್ಲ, ಆದರೂ ಕೆಲಸ ಆಗಿಲ್ಲ. ಸರ್ಕಾರವನ್ನು ಬೈಯುವುದರ ಆಚೆಗೆ ಅದನ್ನು ಅರ್ಥ ಮಾಡಿಕೊಳ್ಳುವ ದಾರಿ ಇಲ್ಲಿಂದ ತೆರೆಯುತ್ತದೆ.

ಹಾಗಾಗಿ ಓಕ್‌ಲ್ಯಾಂಡನ್ನು ಓದಬೇಕು. ಆದರೆ ಬೆಂಗಳೂರಿನಲ್ಲಿ ಕೂತು ಓದುವವರಿಗೆ ಅದೇ ತೂಕದ ಪಠ್ಯಗಳು ಒಂದು ಗಂಟೆಯ ಬಸ್ ಪ್ರಯಾಣದ ದೂರದಲ್ಲಿವೆ. ಕರ್ನಾಟಕ ಈ ತರಗತಿಗಳಲ್ಲಿ ಉದಾಹರಣೆಯಾಗಿ ಬಂದುಹೋಗುವುದು ಸಾಲದು. ಅದೇ ಪಠ್ಯವಾಗಬೇಕು.

ನಗರಕ್ಕೆ ಅಂಕಪಟ್ಟಿ

ಬೆಂಗಳೂರೇ ಜಗತ್ತಿಗೆ ಕೊಟ್ಟ ಪಾಠವೊಂದಿದೆ. ಅಹಮದಾಬಾದ್ ಐಐಎಂನ ನಿರ್ದೇಶಕರಾಗಿದ್ದ, ವಿಶ್ವಬ್ಯಾಂಕಿನಲ್ಲೂ ಕೆಲಸ ಮಾಡಿದ್ದ ಸ್ಯಾಮ್ಯುಯೆಲ್ ಪಾಲ್ ತೊಂಬತ್ತರ ದಶಕದ ಆರಂಭದಲ್ಲಿ ಇಲ್ಲಿ ಒಂದು ಸಮೀಕ್ಷೆ ಕೈಗೊಂಡರು. ಸರ್ಕಾರದ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂಬಂಥ ಸಡಿಲ ಪ್ರಶ್ನೆಯನ್ನು ಅವರು ಕೇಳಿಸಲಿಲ್ಲ. ನೀರು, ಕರೆಂಟು, ಫೋನು, ನಿವೇಶನ ಎಂದು ಆಯಾ ಕಚೇರಿಗೆ ನಿಜವಾಗಿ ಹೋಗಿಬಂದವರನ್ನು ಹುಡುಕಿ ಕೇಳಿಸಿದರು: ಎಷ್ಟು ಸಲ ಹೋದಿರಿ, ಸಿಬ್ಬಂದಿ ಹೇಗೆ ನಡೆದುಕೊಂಡರು, ಕೆಲಸ ಆಯಿತೇ, ಮೇಲೆ ದುಡ್ಡು ಕೊಡಬೇಕಾಯಿತೇ? ಉತ್ತರಗಳನ್ನು ಸಂಸ್ಥೆವಾರು ಅಂಕಗಳಾಗಿ ಪ್ರಕಟಿಸಿದರು. ಮಕ್ಕಳಿಗೆ ಅಂಕಪಟ್ಟಿ ಕೊಡುವ ಊರಿನಲ್ಲಿ ಕಾರ್ಪೊರೇಷನ್‌ಗೆ, ಜಲಮಂಡಳಿಗೆ, ಕೆಇಬಿಗೆ ನಾಗರಿಕರು ಅಂಕಪಟ್ಟಿ ಕೊಟ್ಟಂತಾಯಿತು. ಬಹುತೇಕ ಎಲ್ಲರೂ ನಪಾಸು. ಬಿಡಿಎ ತೀರಾ ತಳದಲ್ಲಿತ್ತು.

1994ರಲ್ಲಿ ಪಾಲ್ ಪಬ್ಲಿಕ್ ಅಫೇರ್ಸ್ ಸೆಂಟರ್ ಕಟ್ಟಿದರು. 1999ರಲ್ಲಿ ಎರಡನೆಯ ಅಂಕಪಟ್ಟಿ ಬಂತು, ಸುಧಾರಣೆ ಅಷ್ಟಕ್ಕಷ್ಟೇ. 2003ರ ಮೂರನೆಯದರ ಹೊತ್ತಿಗೆ ಜನರ ತೃಪ್ತಿ ಕಣ್ಣಿಗೆ ಕಾಣುವಷ್ಟು ಏರಿತ್ತು. ನಡುವಿನ ಅವಧಿಯಲ್ಲಿ ಎಸ್.ಎಂ. ಕೃಷ್ಣ ಸರ್ಕಾರದ ಬೆಂಗಳೂರು ಅಜೆಂಡಾ ಕಾರ್ಯಪಡೆ ಬಂದಿತ್ತು, ಮಾಲೀಕರೇ ಆಸ್ತಿ ತೆರಿಗೆ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಜಾರಿಯಾಗಿತ್ತು. ಸುಧಾರಿಸಿದ್ದು ಅಂಕಪಟ್ಟಿಯಿಂದಲೋ, ಕಾರ್ಯಪಡೆಯಿಂದಲೋ, ನಗರಕ್ಕೆ ಹರಿದುಬಂದ ಹೊಸ ದುಡ್ಡಿನಿಂದಲೋ? ಅಂಕಿಸಂಖ್ಯೆಯ ಮೇಷ್ಟ್ರಿಗೆ ಒಂದು ಸೆಮಿಸ್ಟರಿಗೆ ಈ ಒಂದೇ ಪ್ರಶ್ನೆ ಸಾಕು. ಈ ಪದ್ಧತಿ ಮುಂದೆ ಫಿಲಿಪ್ಪೀನ್ಸ್ ಮುಂತಾದ ದೇಶಗಳಿಗೂ ಹೋಯಿತು.

ಇನ್ನೊಂದು ಪಠ್ಯ, ರಾಜ್ಯದ ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಅದರ ಹೆಸರು ಉತ್ತರ ಕರ್ನಾಟಕದ ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಪುಟ ತಿರುವಿದವರು ಕಡಿಮೆ. ಅಂದಿನ 175 ತಾಲ್ಲೂಕುಗಳನ್ನು 35 ಸೂಚ್ಯಂಕಗಳಿಂದ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅದಕ್ಕಿಂತ ಕೆಳಗಿನ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಅದು ಹೇಳಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 26 ಉತ್ತರದವು. ಆದರೆ 114ರ ಪೂರ್ತಿ ಪಟ್ಟಿಯಲ್ಲಿ 55 ದಕ್ಷಿಣದವು ಎಂಬುದನ್ನು ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ. ಯಾವ ಸೂಚ್ಯಂಕಕ್ಕೆ ಎಷ್ಟು ತೂಕ ಕೊಟ್ಟರೆ ಯಾವ ತಾಲ್ಲೂಕು ಪಟ್ಟಿಯೊಳಕ್ಕೆ ಬರುತ್ತದೆ, ಯಾವುದು ಹೊರಗುಳಿಯುತ್ತದೆ? ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ಶಿಫಾರಸು ಆ ಕೋಷ್ಟಕದ ಮೇಲೆ ನಿಂತಿತ್ತು. ಇದೇ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ರಚನೆಯಾಯಿತು. ಹಿಂದಿನ ವರದಿ ಯಾವ ಮೇಜಿನಲ್ಲಿ ನಿಂತಿತೆಂದು ಪತ್ತೆಹಚ್ಚದೆ ಮುಂದಿನ ವರದಿಯ ಹಾದಿ ಸುಗಮವಾಗದು.

ಒಂದು ಪಹಣಿಯನ್ನು ಓದುವುದು

ನನ್ನನ್ನು ಕೇಳಿದರೆ ಮೊದಲ ದಿನವೇ ವಿದ್ಯಾರ್ಥಿಗಳ ಕೈಗೆ ಕೊಡಬೇಕಾದದ್ದು ಒಂದು ಪಹಣಿ. ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆಗಳಲ್ಲಿ ವಿಸ್ತೀರ್ಣ, ಅದರಲ್ಲಿ ಕಳೆಯಬೇಕಾದ ಖರಾಬು. ಒಂಬತ್ತನೆಯ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ಪಕ್ಕದಲ್ಲಿ ಅದು ಅವರಿಗೆ ಬಂದ ಬಗೆ ಮತ್ತು ಮುಟೇಷನ್ ನಂಬರು, ಹನ್ನೊಂದರಲ್ಲಿ ಋಣಗಳು: ಸೊಸೈಟಿ ಸಾಲ, ಬ್ಯಾಂಕಿನ ಅಡಮಾನ. ಕೊನೆಗೆ ಸಾಗುವಳಿ ಮಾಡುವವರು ಯಾರು, ಬೆಳೆ ಯಾವುದು. ಒಂದೇ ಹಾಳೆಯಲ್ಲಿ ಒಡೆತನ, ಸಾಲ, ಬೇಸಾಯ ಮೂರೂ ಸಿಗುತ್ತವೆ.

ಮೊದಲು ಇದನ್ನೆಲ್ಲ ಊರೂರಿನ ಗ್ರಾಮ ಲೆಕ್ಕಿಗರು, ಸುಮಾರು 9,000 ಮಂದಿ, ಕೈಬರಹದ ಪುಸ್ತಕದಲ್ಲಿ ಇಟ್ಟಿದ್ದರು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಆ ಪುಸ್ತಕಗಳನ್ನು ಮುಚ್ಚಿಸಿ, ಸುಮಾರು ಎರಡು ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ಮುಟೇಷನ್ ಅರ್ಜಿಗಳಿಗೆ ಬಂದ ಸರದಿಯೇ ಸರದಿ. ಬೇಕಾದವರ ಕಡತವನ್ನು ಮೇಲಕ್ಕೆ ಎತ್ತಿಡುವ ಹಾಗಿಲ್ಲ. ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಬಳಕೆದಾರರನ್ನು ಕೇಳಿದಾಗ ಪಹಣಿಗೆ ಲಂಚ ಕೊಡುವುದು ಬಹುಮಟ್ಟಿಗೆ ನಿಂತಿದೆ ಎಂಬ ಉತ್ತರ ಸಿಕ್ಕಿತು. ದೇಶ ವಿದೇಶದ ತರಗತಿಗಳಲ್ಲಿ ಭೂಮಿ ಮಾದರಿ ಯೋಜನೆಯಾಯಿತು.

ಐದು ವರ್ಷದ ನಂತರ ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೇರೆಯದೇ ಚಿತ್ರ ಕೊಟ್ಟರು. ದಾಖಲೆ ಊರಿನಿಂದ ತಾಲ್ಲೂಕಿಗೆ ಹೋದಾಗ ಅದರ ಮೇಲಿನ ಹಿಡಿತವೂ ಅಲ್ಲಿಗೇ ಹೋಯಿತು; ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಭೂಮಿ ಹುಡುಕುವವರಿಗೆ ಒಂದೇ ಕಡೆ ಮಾಹಿತಿ ಸಿಕ್ಕಿತು, ಸಣ್ಣ ಹಿಡುವಳಿದಾರರಿಗೆ ಓಡಾಟ ಹೆಚ್ಚಿತು ಎಂಬುದು ಅವರ ವಾದ. ಕೆಲವರು ಮೊದಲ ಅಧ್ಯಯನವನ್ನಷ್ಟೇ ಎತ್ತಿಹಿಡಿಯುತ್ತಾರೆ, ಕೆಲವರು ಎರಡನೆಯದನ್ನಷ್ಟೇ. ನನ್ನ ಮಟ್ಟಿಗೆ ಎರಡೂ ಸರಿ. ಕೌಂಟರಿನ ಮುಂದೆ ನಿಂತವನ ಅನುಭವವನ್ನು ಒಂದು ಅಳೆಯಿತು, ಕೌಂಟರಿನ ಹಿಂದೆ ಅಧಿಕಾರ ಎತ್ತ ಸರಿಯಿತೆಂಬುದನ್ನು ಇನ್ನೊಂದು ನೋಡಿತು.

ಈಗ ಪಹಣಿಗೆ ಮರಳೋಣ. ಎಷ್ಟೋ ಪಹಣಿಗಳಲ್ಲಿ ಮೂರನೆಯ ಕಾಲಂನ ವಿಸ್ತೀರ್ಣಕ್ಕೂ ಒಂಬತ್ತನೆಯ ಕಾಲಂನ ಒಟ್ಟು ವಿಸ್ತೀರ್ಣಕ್ಕೂ ತಾಳೆಯಿಲ್ಲ. ಕೈಬರಹದ ತಪ್ಪು ಕಂಪ್ಯೂಟರಿಗೂ ಹಾಗೇ ಏರಿದೆ. ಅದನ್ನು ತಿದ್ದಿಸುವುದು ಇಂದಿಗೂ ರೈತರ ದೊಡ್ಡ ಅಲೆದಾಟಗಳಲ್ಲೊಂದು. ಅದಕ್ಕಿಂತ ತೊಡಕಿನದು ಪೌತಿ ಖಾತೆ. ಅಜ್ಜ ತೀರಿಕೊಂಡು ದಶಕಗಳೇ ಆಗಿರುತ್ತವೆ, ಪಹಣಿ ಇನ್ನೂ ಅವರ ಹೆಸರಿನಲ್ಲೇ ಇರುತ್ತದೆ. ಉಳುವವನು ಮೊಮ್ಮಗ. ಬೆಳೆ ಹೋದಾಗ ಪರಿಹಾರ ಬರಬೇಕಾದರೆ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಬೇಕು. ಎಫ್‌ಐಡಿಗೆ ಪಹಣಿಯಲ್ಲಿ ಹೆಸರು ಬೇಕು.

ಹೆಸರು ಬದಲಿಸಿಕೊಳ್ಳಬಾರದೇ ಎಂದು ಕೇಳುವುದು ಸುಲಭ. ಮರಣ ಪ್ರಮಾಣಪತ್ರ ಬೇಕು. ಅಜ್ಜನ ಕಾಲದಲ್ಲಿ ಅದನ್ನು ಮಾಡಿಸಿಟ್ಟವರು ಯಾರು? ವಂಶವೃಕ್ಷ ಬೇಕು. ಅದರಲ್ಲಿ ಮದುವೆಯಾಗಿ ಬೇರೆ ಊರಿಗೆ ಹೋದ ಅತ್ತೆಯಂದಿರ, ಅಕ್ಕತಂಗಿಯರ ಹೆಸರೂ ಬರಬೇಕು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ಕೇಂದ್ರದ ಕಾಯ್ದೆಗೆ ಒಂದು ದಶಕ ಮೊದಲೇ. ಕಾನೂನು ಒಳ್ಳೆಯದು, ಬೇಕಾದದ್ದು. ಆದರೆ ಪಾಲು ಬೇಡವೆಂದು ಅಕ್ಕ ಸಹಿ ಹಾಕಿದರೆ ತವರಿನ ಆಸ್ತಿ ತಪ್ಪುತ್ತದೆ, ಹಾಕದಿದ್ದರೆ ತಮ್ಮನ ಮುನಿಸು. ಈ ಜಗಳ ಎದುರಿಸುವ ಬದಲು ಮನೆಯವರು ಅಜ್ಜನ ಹೆಸರನ್ನೇ ಉಳಿಸಿಕೊಳ್ಳುತ್ತಾರೆ. ಪೌತಿ ಖಾತೆ ಆಂದೋಲನವೆಂದು ಕಂದಾಯ ಇಲಾಖೆ ಎಷ್ಟು ಸಲ ಹೊರಟರೂ ಈ ಗಂಟು ಅಲ್ಲೇ ಇರುತ್ತದೆ. ಸಾಫ್ಟ್‌ವೇರ್ ಸರಿಪಡಿಸಿ ಎಂದು ಬರೆಯುವ ವಿದ್ಯಾರ್ಥಿಗೆ ಇದು ಕಾಣುವುದೇ ಇಲ್ಲ. ನಾಡಕಚೇರಿಯ ಬೆಂಚಿನ ಮೇಲೆ ಎರಡು ದಿನ ಕೂತವಳಿಗೆ ಕಾಣುತ್ತದೆ.

ಎರಡು ಓದು, ಎರಡು ಲೋಕ

ಆ ಬೆಂಚಿನ ಮೇಲೆ ಕೂರಬೇಕಾದರೆ ಕನ್ನಡ ಬೇಕು. ಆದೇಶ, ಸುತ್ತೋಲೆ, ಅರ್ಜಿ, ಷರಾ, ಗ್ರಾಮಸಭೆಯ ನಡಾವಳಿ ಎಲ್ಲವೂ ಕನ್ನಡದಲ್ಲಿವೆ, ತರಗತಿ ಇಂಗ್ಲಿಷಿನಲ್ಲಿದೆ. ಶುಲ್ಕ ಬಹಳ ಕಡೆ ಲಕ್ಷಗಳಲ್ಲಿ. ವಿದ್ಯಾರ್ಥಿವೇತನಗಳಿವೆ, ಆದರೆ ಅದರ ಸುದ್ದಿ ದೇವದುರ್ಗದ ಡಿಗ್ರಿ ಕಾಲೇಜಿಗೆ ತಲುಪುವುದು ಕಷ್ಟ.

ಇತ್ತ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಶಾಸ್ತ್ರದ ಜೊತೆ ಸಾರ್ವಜನಿಕ ಆಡಳಿತವನ್ನು ಕನ್ನಡದಲ್ಲಿ ಓದುವ ಮಕ್ಕಳಿದ್ದಾರೆ. ಇವರಲ್ಲೇ ಎಷ್ಟೋ ಮಂದಿ ಮುಂದೆ ಪಿಡಿಒ, ಎಫ್‌ಡಿಎ, ಗ್ರಾಮ ಆಡಳಿತಾಧಿಕಾರಿ ಆಗುವವರು, ಅಂದರೆ ನೀತಿಯನ್ನು ಕೊನೆಯ ಮೇಜಿನಲ್ಲಿ ಕೂತು ನಡೆಸುವವರು. ಅವರ ಕೈಯಲ್ಲಿರುವುದು ಗೈಡು. ಅದರಲ್ಲಿ ಸಿದ್ಧಾಂತಗಳ ಪಟ್ಟಿ, ಅರ್ಥನಿರೂಪಣೆಗಳ ಪಟ್ಟಿ. ಪಹಣಿಯೂ ಇಲ್ಲ, ನಂಜುಂಡಪ್ಪನವರ ಕೋಷ್ಟಕವೂ ಇಲ್ಲ. ಒಂದು ಕಡೆ ವಿಶ್ಲೇಷಣೆಯ ಸಾಧನಗಳಿವೆ, ಇನ್ನೊಂದು ಕಡೆ ಊರಿನ ಅರಿವಿದೆ. ಇಬ್ಬರೂ ಒಂದು ಮೇಜಿನ ಸುತ್ತ ಕೂರುವ ಸಂದರ್ಭವೇ ಬರುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಕೂರಿಸಲು ಜಾಗವಿಲ್ಲವೆಂದಲ್ಲ. 1987ರ ಜಿಲ್ಲಾ ಪರಿಷತ್ ಚುನಾವಣೆಗಳ ಹಿಂದಿನ ಶಕ್ತಿಯಾಗಿದ್ದ, ಹಳ್ಳಿಗಳಿಗೆ ಬೋರ್‌ವೆಲ್ ಕೊರೆಸಿ ನೀರ್‌ಸಾಬ್ ಎಂದೇ ಹೆಸರಾದ ಸಚಿವರ ನೆನಪಿನಲ್ಲಿ ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿದೆ. ಪಂಚಾಯ್ತಿ ಸದಸ್ಯರು, ಪಿಡಿಒಗಳು ಅಲ್ಲಿ ತರಬೇತಿಗೆ ಬರುತ್ತಾರೆ. ಬೆಂಗಳೂರಿನ ನೀತಿ ವಿದ್ಯಾರ್ಥಿಗಳ ಒಂದು ಸೆಮಿಸ್ಟರನ್ನು ಅಲ್ಲಿಗೆ ಜೋಡಿಸಬಹುದು. ಕಲಬುರಗಿಯ, ಬಳ್ಳಾರಿಯ ಎಂ.ಎ. ವಿದ್ಯಾರ್ಥಿಯನ್ನು ಅದೇ ಸೆಮಿಸ್ಟರಿಗೆ ಕರೆದು, ಅವನಿಗೆ ಅಂಕಿಸಂಖ್ಯೆಯನ್ನು ಕನ್ನಡದಲ್ಲೇ ಕಲಿಸಬಹುದು. ಇಬ್ಬರನ್ನೂ ಒಂದೇ ಹೋಬಳಿಗೆ ಕಳಿಸಿ ಪೌತಿ ಖಾತೆಯ ಬಾಕಿ ಅರ್ಜಿಗಳನ್ನು ಓದಿಸಲಿ: ಎಷ್ಟು ಮರಣ ಪ್ರಮಾಣಪತ್ರಕ್ಕೆ ನಿಂತಿವೆ, ಎಷ್ಟು ಅಕ್ಕತಂಗಿಯರ ಸಹಿಗೆ ನಿಂತಿವೆ, ಎಷ್ಟು ಕಚೇರಿಯ ಮೇಜಿನಲ್ಲೇ ನಿಂತಿವೆ. ಕೊನೆಗೆ ಬರೆಯುವ ಎರಡು ಪುಟದ ಟಿಪ್ಪಣಿ ಕನ್ನಡದಲ್ಲಿರಲಿ, ತಹಶೀಲ್ದಾರರು ಓದಿ ಮರುದಿನವೇ ಷರಾ ಬರೆಯುವ ಹಾಗಿರಲಿ. ಅಂಕವನ್ನು ಪ್ರಾಧ್ಯಾಪಕರ ಜೊತೆ ಆ ತಹಶೀಲ್ದಾರರೂ ಕೊಡಲಿ.