ಹಗಲು ಹೇಳದ ಮಾತು

ಜಪಾನಿನ ಹರುಕಿ ಮುರಕಾಮಿಯವರ ‘ಕಾಫ್ಕಾ ಆನ್ ದ ಶೋರ್’ (2002) ಕಾದಂಬರಿಯಲ್ಲಿ ಮುದುಕನೊಬ್ಬ ಬೆಕ್ಕುಗಳೊಡನೆ ಸಂಭಾಷಿಸುತ್ತಾನೆ. ಆಕಾಶದಿಂದ ಮೀನುಗಳ ಮಳೆ ಸುರಿಯುತ್ತದೆ. ಇದೆಲ್ಲ ವಾಸ್ತವದಿಂದ ಪಲಾಯನವೆಂದು ಆಕ್ಷೇಪಿಸುವವರಿದ್ದಾರೆ. ಆದರೆ ಅವರದೇ ‘ವೈಂಡ್-ಅಪ್ ಬರ್ಡ್ ಕ್ರಾನಿಕಲ್’ (1994-95) ಗಮನಿಸಿ. ಕಾಣೆಯಾದ ಹೆಂಡತಿಯನ್ನು ಅರಸುವ ನಿರುದ್ಯೋಗಿಯೊಬ್ಬ ಬತ್ತಿದ ಬಾವಿಗೆ ಇಳಿದು ಕನಸಿನಂಥ ಲೋಕ ತಲುಪುತ್ತಾನೆ. ಅವನ ಕಥೆಯೊಡನೆ ಹೆಣೆದು ಬರುವುದು ಮಂಚೂರಿಯಾದಲ್ಲಿ ಜಪಾನಿ ಸೈನಿಕರು ಕಂಡ, ತಾವೇ ಎಸಗಿದ ಕ್ರೌರ್ಯ. ಹಗಲು ಮರೆಯಬಯಸಿದ್ದನ್ನು ಕನಸು ನೆನಪಿಸುತ್ತದೆ.

ಕನ್ನಡಕ್ಕೆ ಈ ಮಾರ್ಗ ಹೊಸತೇನಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ದೀಪಗಳ ಜೋತಮ್ಮಗಳು ಇರುಳಿನಲ್ಲಿ ಕಲೆತು ಮನೆಮನೆಯ ಸುದ್ದಿ ಆಡಿಕೊಳ್ಳುತ್ತವೆ. ಜಾತಿಯ ಕ್ರೌರ್ಯದ ಬಗ್ಗೆ ಊರು ಬಾಯಿ ಬಿಡದಿರುವಲ್ಲಿ ದೀಪಗಳೇ ಮಾತನಾಡಬೇಕಾಗುತ್ತದೆ.

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಕುಳಿತು ಇಂಥ ಕೃತಿಗಳನ್ನು ಓದುವವನಿಗೆ ಅವು ದೂರದವೆನಿಸುವುದಿಲ್ಲ. ಇದೇ ಊರಿನಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ನಷ್ಟವೆಷ್ಟು, ಬಾಕಿಯೆಷ್ಟು, ಸಿಬ್ಬಂದಿಯೆಷ್ಟು ಎಂಬುದನ್ನು ಕಡತಗಳು ಹೇಳುತ್ತವೆ. ಸರ್ಕಾರಿ ಸೇವೆಯಲ್ಲಿ ಅಂಥ ಕಡತಗಳ ನಡುವೆಯೇ ಆಯುಷ್ಯ ಕಳೆದ ನಾನು ಅವುಗಳ ಅಗತ್ಯವನ್ನು ಅಲ್ಲಗಳೆಯಲಾರೆ. ಆದರೆ ಪಾಳಿಯ ಹೊತ್ತಿಗೆ ಇಂದಿಗೂ ಎಚ್ಚರಗೊಳ್ಳುವ ನಿವೃತ್ತ ಕಾರ್ಮಿಕನಿಗೆ ಅವುಗಳಲ್ಲಿ ಅಂಕಣವಿಲ್ಲ. ಅವನ ನಿದ್ದೆಯಲ್ಲಿ ಯಂತ್ರ ಇನ್ನೂ ತಿರುಗುತ್ತಿದೆ. ಅದೂ ಈ ಊರಿನ ವಾಸ್ತವದ ಒಂದು ಪಾಲು.

ಉದ್ಯಮಗಳ ಏಳುಬೀಳನ್ನು ಅರ್ಥಶಾಸ್ತ್ರ ವಿವರಿಸಬಲ್ಲದು. ಉಳಿದುಹೋದ ಆ ಸದ್ದನ್ನು ಕೇಳಿಸಲು ಕಾದಂಬರಿಯೇ ಬೇಕು. ಭದ್ರಾ ತೀರದ ತರುಣ ಲೇಖಕರೊಬ್ಬರು ಅದನ್ನು ಬರೆಯಲಿ, ಕೇಳಿದವರು ಇನ್ನೂ ಇರುವಾಗಲೇ.