ಮಕ್ಕಳ ಮನಸ್ಸು ಅರಿಯಲು ಶಿಕ್ಷಕರಿಗೂ ತರಬೇತಿ ಬೇಕು

ಹೆಡತಲೆಯಂಥ ಊರಿನ ಶಾಲೆಗೆ ಮನಶ್ಶಾಸ್ತ್ರಜ್ಞರು ಬರಲೆಂದು ಕಾಯುತ್ತ ಕೂರಲಾಗದು. ನಮ್ಮ ಶಿಕ್ಷಕರೇ ಆಪ್ತಸಮಾಲೋಚನೆ ಕಲಿಯಬೇಕು. ನಾನು ಸೇವೆಯಲ್ಲಿದ್ದಾಗ, ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬ ತರಗತಿಯಲ್ಲಿ ಮಾತು ನಿಲ್ಲಿಸಿದ. ಸೋಮಾರಿತನವೆಂದು ಗದರಿದೆ. ಅವನು ಶಾಲೆಯನ್ನೇ ಬಿಟ್ಟ. ಬಿ.ಎಡ್.ನಲ್ಲಿ ಓದಿದ ಮನೋವಿಜ್ಞಾನ ಆ ದಿನ ನೆರವಿಗೆ ಬರಲಿಲ್ಲ.

ಕಲಿಯಲು ದೂರ ಹೋಗಬೇಕಿಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ಎನ್.ಸಿ.ಇ.ಆರ್.ಟಿ.ಯ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾದ ಅಧ್ಯಯನ ಕೇಂದ್ರಗಳಲ್ಲೊಂದು. ಒಂದು ವರ್ಷದ ಈ ಕೋರ್ಸಿನಲ್ಲಿ 6 ತಿಂಗಳು ದೂರಶಿಕ್ಷಣ, 3 ತಿಂಗಳು ಮುಖಾಮುಖಿ ತರಗತಿ, 3 ತಿಂಗಳು ತಮ್ಮ ಊರಿನಲ್ಲೇ ಇಂಟರ್ನ್‌ಶಿಪ್. ಸೇವೆಯಲ್ಲಿರುವ ಶಿಕ್ಷಕರೂ ಸೇರಬಹುದು. ಅರ್ಹತೆ, ಶುಲ್ಕವನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಕಲಿತವರು ವೈದ್ಯರಾಗುವುದಿಲ್ಲ. ಮಗುವಿನ ಮಾತನ್ನು ಪೂರ್ತಿ ಕೇಳುವುದು, ಗುಟ್ಟು ಕಾಯುವುದು, ತಮ್ಮ ಕೈಮೀರಿದ್ದನ್ನು ತಜ್ಞರ ಬಳಿ ಕಳಿಸುವುದು ಅವರ ಕೆಲಸ. ಮಗುವಿನ ವಿಷಯದಲ್ಲಿ ದಿಕ್ಕು ತೋಚದ ಪೋಷಕರೂ ಶಿಕ್ಷಕರೂ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆ ಉಚಿತ. ಹಗಲಿರುಳು ಲಭ್ಯ, ಕನ್ನಡದಲ್ಲೂ ಮಾತನಾಡಬಹುದು.

ವಿದ್ಯಾರ್ಥಿವೇತನದ ಅರ್ಜಿ ತುಂಬುವ ಮಕ್ಕಳೇ, ಪದವಿಯಲ್ಲಿ ಮನಶ್ಶಾಸ್ತ್ರ ಆರಿಸುವ ವಿಚಾರವನ್ನೂ ಮಾಡಿ. ನೀವು ಕಲಿತು ಬಂದರೆ, ನಾನು ಕಳೆದುಕೊಂಡಂಥ ಹುಡುಗ ಶಾಲೆಯಲ್ಲಿ ಉಳಿದಾನು.